ಹೊತ್ತು ಮುಳುಗುವ ಮುಂಚಿನ ಗುಳಿಗೆ

ಜಿನಪ್ಪನಿಗೆ ಕೊರೊನಾ ಬಂದದ್ದು ಊರಿಗೆಲ್ಲ ಬಂದಾಗಲೇ, ಎರಡನೆಯ ಅಲೆಯಲ್ಲಿ. ಅದರಲ್ಲಿ ಹೇಳಿಕೊಳ್ಳುವಂಥದೇನೂ ಇಲ್ಲ. ಆಗ ಬೆಳಗಾವಿಯ ಖಾಸಬಾಗದಲ್ಲಿ ಮನೆಗೊಬ್ಬರು ಮಲಗಿದ್ದರು. ಹೇಳಬೇಕಾದದ್ದು ರೋಗ ಹೋದ ಮೇಲಿನ ಕಥೆ. ಜ್ವರ ಹೋಯಿತು, ಕೆಮ್ಮು ಹೋಯಿತು, ನಾಲಿಗೆಗೆ ರುಚಿ ತಿರುಗಿ ಬಂತು. ಹೋಗುವಾಗ ಆ ರೋಗ ಅವನ ನಿದ್ದೆಯನ್ನು ಮಾತ್ರ ಕಂಕುಳಲ್ಲಿ ಇರುಕಿಕೊಂಡು ಹೋಯಿತು.

ಜಿನಪ್ಪನದು ಹಿಟ್ಟಿನ ಗಿರಣಿ. ಅಪ್ಪ ಹಾಕಿದ್ದು. ಮುಂದೆ ಗಿರಣಿ, ಹಿಂದೆ ಮನೆ, ನಡುವೆ ಒಂದೇ ಗೋಡೆ. ಐವತ್ತು ದಾಟಿದ ಈ ಮನುಷ್ಯ ಒಂದು ಕಾಲಕ್ಕೆ ನಿದ್ದೆಗೆ ಹೆಸರಾದವನು. ಮಧ್ಯಾಹ್ನ ಕರೆಂಟು ಹೋದಾಗ ಚೀಲಕ್ಕೆ ಒರಗಿದರೆ, ಕರೆಂಟು ಬಂದು ಯಂತ್ರದ ಪಟ್ಟಾ ತಿರುಗತೊಡಗಿದರೂ ಏಳುತ್ತಿರಲಿಲ್ಲ. ಹೆಂಗಸರು ಡಬ್ಬಿಯ ಮುಚ್ಚಳ ಬಡಿದು ಎಬ್ಬಿಸಬೇಕು. ಸಿಟ್ಟಿಗೂ ಹೆಸರಾದವನೇ. ಹಸಿ ಜೋಳ ತಂದವರಿಗೆ, ಹರಳು ಆರಿಸದೆ ಗೋಧಿ ತಂದವರಿಗೆ ಅವನು ಆಡುತ್ತಿದ್ದ ಮಾತುಗಳನ್ನು ಬರೆಯುವಂತಿಲ್ಲ. ಆದರೂ ಓಣಿ ಅವನಲ್ಲಿಗೇ ಬರುತ್ತಿತ್ತು, ಯಾಕೆಂದರೆ ರೊಟ್ಟಿ ಬಡಿಯುವಾಗ ಹರಿಯದಂಥ ಹಿಟ್ಟು ಅವನ ಕಲ್ಲಿನಿಂದಲೇ ಬರುತ್ತಿತ್ತು. ಮಕ್ಕಳಿಲ್ಲದ ಅವನಿಗೆ ಆ ಗಿರಣಿಯೇ ಮನೆತನ, ಅದೇ ಮರ್ಯಾದೆ. ಅದರ ಕೀಲಿಕೈ ಉಡಿದಾರಕ್ಕೆ ಕಟ್ಟಿಕೊಂಡಿರುತ್ತಿದ್ದ, ಸ್ನಾನಕ್ಕೂ ಬಿಚ್ಚುತ್ತಿರಲಿಲ್ಲ.

ಆಸ್ಪತ್ರೆಯಿಂದ ಬಂದ ಹೊಸದರಲ್ಲಿ ಎಲ್ಲರೂ ನಿಶ್ಶಕ್ತಿ ಅಂದರು. ಮಳೆಗಾಲ ಕಳೆಯಿತು, ನಿಶ್ಶಕ್ತಿಯೂ ಕಳೆಯಿತು, ನಿದ್ದೆ ಬರಲಿಲ್ಲ. ಹಾಸಿಗೆಗೆ ಬೆನ್ನು ಹಚ್ಚಿದ ಕೂಡಲೇ ಎದೆ ಬಡಿದುಕೊಳ್ಳುವುದು, ಯಾರೋ ಬಾಗಿಲಲ್ಲಿ ನಿಂತು ಕರೆದಂತಾಗುವುದು. ಅದಾದರೂ ರಾತ್ರಿಯ ಮಾತು. ಹಗಲು ಇನ್ನೂ ಕೆಟ್ಟದ್ದು. ತಲೆಯೊಳಗೆ ಅರಳೆ ತುರುಕಿದಂತಾಗಿ ಯಾರ ಡಬ್ಬಿ ಯಾವುದೆಂದು ಗೊತ್ತಾಗುತ್ತಿರಲಿಲ್ಲ. ಒಂದು ದಿನ ಗೋಧಿ ಸುರಿಯುತ್ತ ಸುರಿಯುತ್ತ ಕಾರಣವಿಲ್ಲದೆ ಅತ್ತುಬಿಟ್ಟ. ಕಣ್ಣಿಗೆ ಹಿಟ್ಟು ಹೋಯಿತೆಂದು ಹೇಳಿದ. ಹಿಟ್ಟು ಹೋಗಿ ಅಳು ಬರುವುದಿದ್ದರೆ ಅವನು ಹುಟ್ಟಿದಾಗಿನಿಂದ ಅಳುತ್ತಲೇ ಇರಬೇಕಾಗಿತ್ತು.

ಬುದ್ಧಿ ಹೇಳುವವರಿಗೆ ಬರವೇ? ಒಬ್ಬರು ಅಂಗಾಲಿಗೆ ಕೊಬ್ಬರಿ ಎಣ್ಣೆ ಅಂದರು, ಒಬ್ಬರು ಜಾಜಿಕಾಯಿ ತೇದು ಹಾಲಿನಲ್ಲಿ ಅಂದರು. ಓಣಿಯ ಸಂಗವ್ವ, ಬಾಯಿಗೆ ಕದವಿಲ್ಲದ ಹೆಂಗಸು, ಎರಡನೇ ಮದುವೆ ಮಾಡಿಕೊಂಡರೆ ಒಂದೋ ನಿದ್ದೆ ಬರುತ್ತದೆ, ಇಲ್ಲ ನಿದ್ದೆಯ ಚಿಂತೆ ಹೋಗುತ್ತದೆ ಅಂದಳು. ಜಿನಪ್ಪನ ಹೆಂಡತಿ ಸುಂದರಾಬಾಯಿಯೂ ನಕ್ಕಳು. ಜಿನಪ್ಪ ನಗಲಿಲ್ಲ. ಹಾಲೂ ಕುಡಿಯಲಿಲ್ಲ. ಮಲಗುವ ಹೊತ್ತಿಗೆ ಹಾಲು ಕುಡಿಯುವಂತಿರಲಿಲ್ಲ, ಯಾಕೆಂದರೆ ಅವನು ವ್ರತ ಹಿಡಿದಿದ್ದ.

ಆ ವ್ರತದ ಸಂಗತಿ ಇಷ್ಟು. ಹೊತ್ತು ಮುಳುಗಿದ ಮೇಲೆ ಉಣ್ಣಬಾರದೆಂಬುದು ಜೈನರಲ್ಲಿ ಹಳೆಯ ನೇಮ. ನೇಮಸ್ತರು ಇನ್ನೂ ನಡೆಸುತ್ತಾರೆ, ಗಡಿಬಿಡಿಯವರು ಬಿಟ್ಟಿದ್ದಾರೆ. ಜಿನಪ್ಪ ಬಿಟ್ಟವರ ಪೈಕಿ. ಗಿರಣಿ ಮುಚ್ಚಿ ರಾತ್ರಿ ತಳ್ಳುಗಾಡಿಯ ಮುಂದೆ ನಿಂತು ಖಾರದ ಮಿಸಳ ತಿನ್ನುವವನು. ಆಸ್ಪತ್ರೆಯಲ್ಲಿ ಅವನ ಮೂಗಿಗೆ ನಳಿಗೆ ಹಚ್ಚಿದಾಗ ಬಾಜು ಮಂಚದಲ್ಲಿದ್ದವನು ಮೈಲಾರಲಿಂಗ ಎಂಬ ಲಾರಿ ಡ್ರೈವರ್. ಇಬ್ಬರೂ ಉಸಿರಿಗೆ ಒದ್ದಾಡುತ್ತಲೇ ಚೇಷ್ಟೆ ಮಾಡುತ್ತಿದ್ದರು. ಒಂದು ಸಂಜೆ ಮೈಲಾರಲಿಂಗ, ಇವತ್ತು ಸ್ವಲ್ಪ ಹಗುರ ಅನಿಸುತ್ತಿದೆ, ಚಲೋ ನಿದ್ದೆ ಬರುವಂತಿದೆ ಎಂದು ಹೇಳಿ ಮಗ್ಗುಲಾದ. ಬೆಳಿಗ್ಗೆ ಅವನನ್ನು ಚಾದರದಲ್ಲಿ ಸುತ್ತಿ ಒಯ್ದರು. ನಿದ್ದೆಯಲ್ಲೇ ಹೋದ, ಪುಣ್ಯವಂತ ಎಂದು ನರ್ಸಬಾಯಿ ಅಂದಳು. ಜಿನಪ್ಪ ಅಂದೇ ಕೈಮುಗಿದು ಮನಸ್ಸಿನಲ್ಲಿ ಕರಾರು ಮಾಡಿದ: ಜೀವ ಉಳಿದರೆ ಇನ್ನು ಹೊತ್ತು ಮುಳುಗಿದ ಮೇಲೆ ಒಂದು ಕಾಳು, ಒಂದು ಹನಿ ಮುಟ್ಟುವುದಿಲ್ಲ.

ಜೀವ ಉಳಿಯಿತು. ಚಾತುರ್ಮಾಸಕ್ಕೆ ಬೆಳಗಾವಿಗೆ ಬಂದಿದ್ದ ಮುನಿ ಮಹಾರಾಜರ ಮುಂದೆ ಮಂಡಿಯೂರಿ ವ್ರತ ತೆಗೆದುಕೊಂಡ. ಮಹಾರಾಜರು ಎಲ್ಲರನ್ನೂ ಕೇಳುವಂತೆ ಅವನನ್ನೂ ಕೇಳಿದರು, ಔಷಧಕ್ಕೆ ಮತ್ತು ನೀರಿಗೆ ವಿನಾಯಿತಿ ಇಟ್ಟುಕೊಳ್ಳುತ್ತೀಯಾ ಎಂದು. ಹತ್ತರಲ್ಲಿ ಒಂಬತ್ತು ಮಂದಿ ಇಟ್ಟುಕೊಳ್ಳುತ್ತಾರೆ. ಸಂಸಾರಸ್ಥರಿಗೆ ಅದರಲ್ಲಿ ದೋಷವಿಲ್ಲ. ಬಸದಿ ತುಂಬ ಜನ. ಜಿನಪ್ಪ ಎದೆಯುಬ್ಬಿಸಿ, ಅರ್ಧಾಮರ್ಧ ಕೆಲಸ ತನಗೆ ಗೊತ್ತಿಲ್ಲ, ವಿನಾಯಿತಿ ಬೇಡ ಅಂದ. ಮಹಾರಾಜರು ನವಿಲುಗರಿಯ ಪಿಂಛಿ ಎತ್ತಿ ಆಶೀರ್ವಾದ ಮಾಡಿದರು. ಕರಾರಿನ ವಿಷಯ ಅವನು ಅವರಿಗೆ ಹೇಳಲಿಲ್ಲ. ಹೆಂಡತಿಗೂ ಹೇಳಲಿಲ್ಲ. ಹೇಳಿದರೆ ಒಡೆಯುತ್ತದೆ ಎಂಬ ಭಯ.

ದೀಪಾವಳಿ ಕಳೆದ ಮೇಲೆ ಸುಂದರಾಬಾಯಿ ಜಗಳವಾಡಿ ಅವನನ್ನು ಮನಸ್ಸಿನ ಡಾಕ್ಟರ ಕಡೆಗೆ ಕರೆದೊಯ್ದಳು. ಡಾಕ್ಟರು ಸಮೃದ್ಧಿ ಎಂಬ ಹುಡುಗಿ. ಹುಡುಗಿ ಎಂದರೆ ಮೂವತ್ತೈದು ಇರಬಹುದು, ಜಿನಪ್ಪನಿಗೆ ಹುಡುಗಿ. ಅವಳು ಚೆನ್ನಾಗಿಯೇ ಹೇಳಿದಳು. ಇದು ಹುಚ್ಚಲ್ಲ, ಕೊರೊನಾ ಬಂದು ಹೋದ ಅನೇಕರಿಗೆ ಹೀಗಾಗುತ್ತಿದೆ, ಮೈಯಿಂದ ರೋಗ ಹೋದರೂ ಮಿದುಳು ಇನ್ನೂ ಕಾವಲು ಕಾಯುತ್ತಲೇ ಇದೆ, ಹೆದರುವ ಕಾರಣವಿಲ್ಲ ಎಂದಳು. ಮಲಗುವ ಮುಂಚೆ ಒಂದು ಗುಳಿಗೆ ನುಂಗಿ ಸೀದಾ ಹಾಸಿಗೆಗೆ ಹೋಗಬೇಕೆಂದು ಎರಡು ಸಲ ಹೇಳಿದಳು. ಸುಂದರಾಬಾಯಿ ಆಗ ಹೊರಗೆ ಕೂತಿದ್ದಳು. ಜಿನಪ್ಪ ತಲೆಯಾಡಿಸಿದ. ವ್ರತದ ಮಾತು ಗಂಟಲಿಗೆ ಬಂತು; ಅದನ್ನು ನುಂಗಿದ.

ಅಂದಿನಿಂದ ಅವನು ಮಾಡಿದ್ದು ಇದು: ಹೊತ್ತು ಮುಳುಗುವ ಮುಂಚೆ ಉಂಡು, ದಿನದ ಕೊನೆಯ ನೀರಿನ ಜೊತೆ ಗುಳಿಗೆಯನ್ನೂ ನುಂಗಿ, ಸೀದಾ ಗಿರಣಿಗೆ ಹೋಗುವುದು. ಗಿರಣಿಗೆ ಗಿರಾಕಿ ಬರುವುದೇ ಸಂಜೆ. ಕೆಲಸದಿಂದ ಬಂದ ಹೆಂಗಸರು ಡಬ್ಬಿ ಹಿಡಿದು ಸಾಲುಗಟ್ಟುವ ಹೊತ್ತಿಗೆ ಗುಳಿಗೆ ಅವನ ಕಾಲಿಗೆ ಮರಳಿನ ಚೀಲ ಕಟ್ಟುತ್ತಿತ್ತು. ತೂಕಡಿಕೆಯ ಜೊತೆ ಗುದ್ದಾಡುತ್ತ, ಬೈಯುತ್ತ, ಕೆನ್ನೆ ಚಿವುಟಿಕೊಳ್ಳುತ್ತ ಬೀಸುತ್ತಿದ್ದ. ಗಿರಣಿ ಮುಚ್ಚುವಷ್ಟರಲ್ಲಿ ಗುಳಿಗೆಯೂ ಸೋತಿರುತ್ತಿತ್ತು, ಅವನೂ ಸೋತಿರುತ್ತಿದ್ದ, ಹಾಸಿಗೆಯಲ್ಲಿ ಮಾತ್ರ ಕಣ್ಣು ಹುರಿಗಡಲೆಯ ಹಾಗೆ ಅರಳಿ ಕೂರುತ್ತಿದ್ದವು. ಮುಂದಿನ ಸಲ ಡಾಕ್ಟರು ಕೇಳಿದಾಗ ಏನೂ ಗುಣವಿಲ್ಲ ಅಂದ. ಅವಳು ಗುಳಿಗೆ ಜೋರು ಮಾಡಿದಳು. ಆಮೇಲೆ ಇನ್ನೊಮ್ಮೆ ಜೋರು ಮಾಡಿದಳು. ತಪ್ಪಿದ್ದದ್ದು ಗುಳಿಗೆಯ ಹೊತ್ತು ಎಂಬುದು ಅವನಿಗೆ ಒಳಗೊಳಗೇ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದ. ರಾತ್ರಿ ಗುಳಿಗೆಗೆಂದು ನೀರು ಕುಡಿದರೆ ಕರಾರು ಮುರಿದು ಜೀವ ಹೋಗುತ್ತದೆ, ಸಂಜೆ ಕುಡಿದರೆ ನಿದ್ದೆ ಮಾತ್ರ ಹೋಗುತ್ತದೆ. ಹೀಗೆ ಅವನ ಹಿಸಾಬು.

ಶಿವರಾತ್ರಿಯ ಹಿಂದಿನ ಸಂಜೆ ಆ ತೂಕಡಿಕೆ ಎಡವಟ್ಟು ಮಾಡಿತು. ಉಪವಾಸದ ಹಿಟ್ಟಿಗೆ ಜಿನಪ್ಪ ಬೇರೆ ಕಲ್ಲು ಇಟ್ಟಿದ್ದ. ರಾಜಗಿರಿ, ವರಿ ಅಕ್ಕಿ ಬಂದರೆ ಅದರಲ್ಲೇ ಬೀಸುವುದು, ಗೋಧಿಯ ಧೂಳೂ ತಾಗಬಾರದು. ಲಿಂಗಾಯತರ ಮನೆಗಳವರು ಆ ನಂಬಿಕೆಯ ಮೇಲೆ ದೂರದಿಂದ ಬರುತ್ತಿದ್ದರು. ಅಂದು ಸಂಗವ್ವ ತಂದ ರಾಜಗಿರಿಯನ್ನು ಅವನು ತೂಕಡಿಸುತ್ತ ಗೋಧಿಯ ಕಲ್ಲಿಗೆ ಸುರಿದ. ಮರುದಿನ ಅವಳು ತೆರೆದ ಡಬ್ಬಿ ಹಿಡಿದು ಓಣಿಯ ನಡುವೆ ನಿಂತಳು.

"ಏನ್ರೀ ಜಿನಪ್ಪ, ನೀವ್ ಹೊತ್ತು ಮುಳುಗಿದ ಮ್ಯಾಲ ಹನಿ ನೀರ ಮುಟ್ಟಂಗಿಲ್ಲ. ನಮಗ ಮಾತ್ರ ಉಪಾಸದಾಗ ಗೋಧಿ ತಿನಸ್ತೀರಿ? ನಿಮ್ಮ ಪುಣ್ಯಾ ನಿಮಗ, ನಮ್ಮ ಪಾಪಾನೂ ನಿಮಗss ಇರಲಿ."

ಹಿಂದಿನ ಜಿನಪ್ಪನಾಗಿದ್ದರೆ ಒಂದಕ್ಕೆ ಎರಡು ತಿರುಗಿಸಿ ಕೊಡುತ್ತಿದ್ದ. ಅಂದು ಬೀಸಿದ ದುಡ್ಡನ್ನು ಎಣಿಸಿ ಅವಳ ಕೈಗೆ ಮರಳಿ ಇಟ್ಟ. ಅವನು ಬೈಯದಿದ್ದದ್ದೇ ಓಣಿಗೆ ಹೆದರಿಕೆ ಹುಟ್ಟಿಸಿತು.

ಅದರ ಮರುಸಂಜೆ ನಿಂತಲ್ಲೇ ಜೋಲಿ ಹೊಡೆದು ಪಟ್ಟಾದ ಕಡೆಗೆ ವಾಲಿದ. ಹೆಗಲ ಮೇಲಿನ ವಲ್ಲಿಯ ತುದಿ ಪಟ್ಟಾಕ್ಕೆ ಸಿಕ್ಕಿತು. ಸುಂದರಾಬಾಯಿ ಒಳಗಿನಿಂದ ಓಡಿಬಂದು ಸ್ವಿಚ್ಚು ಕೆಡವಿರದಿದ್ದರೆ ಕುತ್ತಿಗೆಯೇ ಹೋಗುತ್ತಿತ್ತು. ವಲ್ಲಿ ಚಿಂದಿಯಾಯಿತು, ಕುತ್ತಿಗೆಯ ಸುತ್ತ ಕೆಂಪು ಬರೆ ಎದ್ದಿತು.

ತಮ್ಮ ಪಾರ್ಶ್ವ ಬಂದ. ಅವನು ಸಾಂಬ್ರಾದ ವಿಮಾನ ನಿಲ್ದಾಣದಲ್ಲಿ ನೌಕರಿಗಿದ್ದವನು. ಗಿರಣಿಯಲ್ಲಿ ಅವನದೂ ಪಾಲಿತ್ತು. ಕೆಟ್ಟವನಲ್ಲ, ಮೆತ್ತಗಿನ ಮಾತಿನವನು. ಮೆತ್ತಗಿನ ಮಾತಿನವರ ಕೈಯಿಂದ ತಪ್ಪಿಸಿಕೊಳ್ಳುವುದು ಕಷ್ಟ. ಅಣ್ಣನ ಪಕ್ಕದಲ್ಲಿ ಕೂತು, ಕೊರೊನಾ ತಲೆಗೆ ಏರಿದೆ, ವಿಶ್ರಾಂತಿ ಬೇಕು, ಖಾನಾಪುರದಲ್ಲಿ ಅಕ್ಕನ ಮನೆಯಲ್ಲಿ ಹವಾ ಚಲೋ ಇದೆ ಎಂದ. ಯುಗಾದಿಯ ಪಾಡ್ಯದ ತನಕ ನೋಡೋಣ. ಅಷ್ಟರಲ್ಲಿ ಅಣ್ಣ ನೆಟ್ಟಗಾದರೆ ಸರಿ, ಇಲ್ಲದಿದ್ದರೆ ಪಾಡ್ಯದಂದು ಗಿರಣಿಯನ್ನು ಯಲ್ಲೇಶನಿಗೆ ಒಂದು ವರ್ಷದ ಮಟ್ಟಿಗೆ ಲೀಸಿಗೆ ಕೊಡುವುದು. ಯಲ್ಲೇಶ ವಡಗಾವಿಯ ಗಿರಣಿಯಲ್ಲಿ ಕೆಲಸ ಮಾಡಿದವನು, ಹುಷಾರಿನವನು. ಇಷ್ಟು ಹೇಳಿ ಪಾರ್ಶ್ವ ಕೈಯೊಡ್ಡಿದ. ಜಿನಪ್ಪ ಉಡಿದಾರದಿಂದ ಕೀಲಿಕೈ ಬಿಚ್ಚಲು ಹೋದ. ಎಂದೂ ಬಿಚ್ಚದ ಗಂಟು ಬಿಗಿದುಕೊಂಡಿತ್ತು, ಬಿಚ್ಚಲಾಗಲಿಲ್ಲ. ತಮ್ಮನೇ ಬಗ್ಗಿ ಬಿಚ್ಚಿಕೊಂಡ. ಸಣ್ಣಂದಿನಲ್ಲಿ ಈ ತಮ್ಮನ ಚಡ್ಡಿಯ ಲಾಡಿಯನ್ನು ಜಿನಪ್ಪ ಬಿಚ್ಚಿ ಕಟ್ಟಿದ್ದ.

ಖಾನಾಪುರದ ಅಕ್ಕ ಪ್ರಮಿಳಾ ಗಂಡ ತೀರಿದ ಮೇಲೆ ಸ್ಟೇಷನ್ನಿನ ಹತ್ತಿರ ಒಬ್ಬಳೇ ಇದ್ದಳು. ತಮ್ಮ ಬಂದನೆಂದು ಹಿಗ್ಗಿದಳು. ಆ ಹಿಗ್ಗೇ ಅವನಿಗೆ ಕೈಕೋಳವಾಯಿತು. ತರಕಾರಿ ಹೆಚ್ಚಲು ಹೋದರೆ ಈಳಿಗೆ ಕಸಿದುಕೊಂಡಳು. ಮೊಬೈಲು ನೋಡಿದರೆ ಕಣ್ಣಿಗೆ ಕೆಟ್ಟದ್ದೆಂದು ಕಪಾಟಿನಲ್ಲಿಟ್ಟಳು. ಹೊರಗೆ ಹೊರಟರೆ ಸೆರಗು ಹೊದ್ದು ಹಿಂದೆಯೇ ಹೊರಟಳು. ಹೊಳೆಯ ಕಡೆಗೆ ಬೇಡ, ಗಿಡದ ಕೆಳಗೆ ಬೇಡ, ಕಟ್ಟೆಯ ಮೇಲೆ ಬೇಡ. ಬಾಜು ಮನೆಯ ಮರಾಠಿ ಹೆಂಗಸರು ಬಾಗಿಲಿಗೆ ಬಂದು, "ಡೋಕ್ಯಾತ ಗೇಲಂಯ ವಾಟತಂ" ಎಂದು ಪಿಸುಗುಟ್ಟಿದರು, ತಲೆಗೇ ಹೋದಂತಿದೆ ಎಂದು. ಬೆಳಗಾವಿ ಸೀಮೆಯವನಿಗೆ ಮರಾಠಿ ಬಾರದೆಂದು ಯಾರಾದರೂ ತಿಳಿಯುತ್ತಾರೆಯೇ? ಅವನಿಗೆ ಕೇಳಬೇಕೆಂದೇ ಅಂದಂತಿತ್ತು.

ಗಿರಣಿಯಿಲ್ಲದ ಹಗಲು ಎಷ್ಟು ಉದ್ದವೆಂದು ಅವನಿಗೆ ಅಲ್ಲಿ ಗೊತ್ತಾಯಿತು. ಜೋರು ಮಾಡಿದ ಗುಳಿಗೆ ಸಂಜೆ ಅವನನ್ನು ಕೆಡವುತ್ತಿತ್ತು, ಊರು ಮಲಗುವ ಹೊತ್ತಿಗೆ ಎಬ್ಬಿಸಿ ಕೂರಿಸುತ್ತಿತ್ತು. ಎದ್ದವನು ಹೊರಗೆ ಹೋಗುವಂತಿಲ್ಲ, ಬಾಗಿಲಿಗೆ ಅಗಳಿ. ಬೆಳಗಾದ ಮೇಲೆ ಮಲಗುವಂತಿಲ್ಲ. ಹಗಲು ಮಲಗಿದರೆ ರಾತ್ರಿ ನಿದ್ದೆ ಬರುವುದಿಲ್ಲವೆಂದು ಅಕ್ಕ ಬಂದು ಅಲುಗಾಡಿಸುತ್ತಿದ್ದಳು. ಮಲಗಬೇಕಾದಾಗ ಎಚ್ಚರ, ಎಚ್ಚರಿರಬೇಕಾದಾಗ ಮಂಪರು. ಎರಡರ ನಡುವಿನ ಸಂದಿಯಲ್ಲಿ ಸಿಕ್ಕ ಇಲಿಯ ಹಾಗೆ ಅವನು ಆ ಮನೆಯಲ್ಲಿ ಸುತ್ತುತ್ತಿದ್ದ.

ಒಂದು ಮಧ್ಯಾಹ್ನ ಅಕ್ಕ ಸಂತೆಗೆ ಹೋದಾಗ ಸ್ಟೇಷನ್ನಿಗೆ ಹೋಗಿ ಕಲ್ಲಿನ ಬೆಂಚಿನ ಮೇಲೆ ಕೂತ. ಜನ ಓಡಾಡುವುದನ್ನು ನೋಡುವ ಆಸೆ, ಅಷ್ಟೆ. ಲೋಂಡಾದ ಕಡೆಯಿಂದ ಗೂಡ್ಸ್ ಗಾಡಿಯೊಂದು ನಿಲ್ಲದೆ ಬರುತ್ತಿತ್ತು. ಅವನು ಬೆಂಚಿನ ಮೇಲೆ ಇದ್ದದ್ದು ನೆನಪಿದೆ. ಆಮೇಲೆ ಯಾರೋ ಹಿಂದಿನಿಂದ ಅಂಗಿ ಹಿಡಿದು ಜಗ್ಗಿದ್ದು ನೆನಪಿದೆ. ನಡುವಿನದು ನೆನಪಿಲ್ಲ. ಕಣ್ಣು ಬಿಟ್ಟರೆ ಪ್ಲಾಟ್‌ಫಾರ್ಮಿನ ಅಂಚು ಕಾಲ ಬುಡದಲ್ಲಿ, ಗಾಡಿಯ ಗಾಳಿ ಮುಖದ ಮೇಲೆ. ಜಗ್ಗಿದ ಹಮಾಲ ಅವನನ್ನು ಬಾಯಿಗೆ ಬಂದಂತೆ ಬೈದ. ಹೆಂಡತಿ ಮಕ್ಕಳ ನೆನಪಾಗಲಿಲ್ಲವೇ ಎಂದು ಕೇಳಿದ. ನಾನು ಸಾಯಲು ಬಂದಿರಲಿಲ್ಲ ಎಂದು ಹೇಳಬೇಕೆಂದುಕೊಂಡ ಜಿನಪ್ಪನಿಗೆ ಅದು ಖರೆಯೋ ಸುಳ್ಳೋ ತನಗೇ ಗೊತ್ತಿಲ್ಲವೆಂದು ತಿಳಿಯಿತು. ತೂಕಡಿಸಿದ್ದೋ? ಎದ್ದು ನಡೆದದ್ದೋ? ಇಷ್ಟು ದಿನ ನಿದ್ದೆಗೆ ಹೆದರುತ್ತಿದ್ದವನು ಈಗ ತನಗೇ ಹೆದರಿದ.

ಅಂದಿನಿಂದ ಹಗಲಿಗೂ ಬಾಗಿಲಿಗೆ ಕೀಲಿ ಬಿತ್ತು. ಅವನು ತಕರಾರು ಮಾಡಲಿಲ್ಲ. ಕೀಲಿ ಬಿದ್ದಾಗ ಸ್ವಲ್ಪ ಸಮಾಧಾನವೂ ಆಯಿತು, ಆ ಸಮಾಧಾನದ ಬಗ್ಗೆ ನಾಚಿಕೆಯೂ ಆಯಿತು.

ಸುದ್ದಿ ಕೇಳಿ ಸುಂದರಾಬಾಯಿ ಮೊದಲ ಬಸ್ಸಿಗೆ ಬಂದಳು. ಅಳಲಿಲ್ಲ. ಗಂಡನ ಕೈ ಹಿಡಿದು ಮರಳಿ ಬೆಳಗಾವಿಯ ಬಸ್ಸು ಹತ್ತಿಸಿದಳು. ಈ ಸಲ ಡಾಕ್ಟರ ಕೋಣೆಯ ಹೊರಗೆ ಕೂರಲೂ ಇಲ್ಲ. ಒಳಗೆ ಹೋಗಿ ಕುರ್ಚಿ ಎಳೆದುಕೊಂಡಳು. ಡಾಕ್ಟರು ಸಮೃದ್ಧಿ ಜಿನಪ್ಪನನ್ನು ಬಿಟ್ಟು ಅವಳನ್ನೇ ಕೇಳಿದಳು: ಬೆಳಿಗ್ಗೆ ಎದ್ದಾಗಿನಿಂದ ಇವರು ಏನು ಮಾಡುತ್ತಾರೆ, ಒಂದೂ ಬಿಡದೆ ಹೇಳಿರಿ. ಸುಂದರಾಬಾಯಿ ಸ್ನಾನದಿಂದ ಹಿಡಿದು ಹೇಳುತ್ತ ಬಂದಳು. ಹೊತ್ತು ಮುಳುಗುವ ಮುಂಚೆ ಉಂಡು, ಗುಳಿಗೆ ತೊಗೊಂಡು, ಗಿರಣಿಗೆ ಹೋಗುತ್ತಾರೆ ಎಂದಳು. ಡಾಕ್ಟರು ಪೆನ್ನು ಕೆಳಗಿಟ್ಟಳು.

"ಅದ ಗುಳಿಗಿ? ನಾ ಬರದದ್ದು?"

"ಹೂಂರೀ. ಅವರು ವ್ರತದಾಗ ಅದಾರಲ್ರಿ. ಕತ್ತಲಾದ ಮ್ಯಾಲ ಏನೂ ತೊಗೊಳ್ಳೂದಿಲ್ಲ. ನಿಮಗ ಹೇಳ್ಯಾರಂತ ಮಾಡಿದ್ದೆ."

ಡಾಕ್ಟರಿಗೆ ಸಿಟ್ಟು ಬಂತು. ಮಾಡುವ ಕೆಲಸದಲ್ಲಿ ಮೋಸವಾದಾಗ ಬರುವ ಸಿಟ್ಟು. ಜಿನಪ್ಪನಿಗೆ ಪರಿಚಯವಿದ್ದ ಸಿಟ್ಟೇ. ಗುಣವಿಲ್ಲ ಗುಣವಿಲ್ಲ ಎಂದು ನೀವು ಹೇಳಿದ್ದಕ್ಕೆ ನಾನು ಗುಳಿಗೆ ಏರಿಸುತ್ತ ಹೋದೆ, ಆ ಗುಳಿಗೆ ನುಂಗಿ ನೀವು ಪಟ್ಟಾದ ಮುಂದೆ ನಿಂತಿರಿ, ನಿಮ್ಮನ್ನು ಕೊಲ್ಲಲು ನನ್ನ ಕೈಯನ್ನೇ ಉಪಯೋಗಿಸಿದಿರಲ್ಲ ಎಂದಳು. ಏರಿಸಿದ್ದನ್ನು ಈಗ ಒಮ್ಮೆಲೇ ಬಿಡುವಂತೆಯೂ ಇಲ್ಲ, ಮೆಲ್ಲಗೆ ಇಳಿಸಬೇಕು, ಮಲಗುವ ಹೊತ್ತಿಗೇ ನುಂಗಬೇಕು. ಗುಳಿಗೆ ಅರ್ಧ ಕೆಲಸ ಮಾತ್ರ ಮಾಡುತ್ತದೆ, ಉಳಿದದ್ದಕ್ಕೆ ವಾರಕ್ಕೊಮ್ಮೆ ಬಂದು ಕೂತು ಮಾತಾಡಬೇಕು. ಇಷ್ಟು ಹೇಳಿ, ದನಿ ಇಳಿಸಿ ಕೇಳಿದಳು: ಸ್ಟೇಷನ್ನಿನಲ್ಲಿ ಆದದ್ದು ಮತ್ತೆ ಆದೀತೆಂದು ಅನಿಸುತ್ತದೆಯೇ? ಜಿನಪ್ಪ ಗೊತ್ತಿಲ್ಲ ಅಂದ. ಅವನು ಆ ಕೋಣೆಯಲ್ಲಿ ಆಡಿದ ಮೊದಲ ಖರೇ ಮಾತು ಅದು. ಹಾಗಾದರೆ ಇವರನ್ನು ಒಬ್ಬರನ್ನೇ ಬಿಡಬೇಡಿ, ಹೆದರಿಕೆಯಾದ ಕೂಡಲೇ ನನಗೆ ಫೋನು ಮಾಡಿ ಎಂದು ಡಾಕ್ಟರು ಸುಂದರಾಬಾಯಿಗೆ ನಂಬರು ಕೊಟ್ಟಳು.

ಹೊರಗೆ ಬಂದು ಸುಂದರಾಬಾಯಿ ಕಾಡಿದಳು. ಔಷಧಕ್ಕೆ ದೋಷವಿಲ್ಲ, ಇಡೀ ಸಮಾಜ ತೊಗೊಳ್ಳುತ್ತದೆ, ನಿಮಗೊಬ್ಬರಿಗೆ ಯಾವ ಮೋಕ್ಷ ಕಾದಿದೆ ಎಂದಳು. ವಿನಾಯಿತಿ ಇಟ್ಟುಕೊಂಡಿಲ್ಲ ಎಂದ ಜಿನಪ್ಪ. ಹೋಗಿ ಬೇಡಿಕೊಳ್ಳಿರಿ ಎಂದಳು. ಕೊಟ್ಟ ಮಹಾರಾಜರು ಊರಲ್ಲಿಲ್ಲ. ಮುನಿಗಳು ಮಳೆಗಾಲ ಬಿಟ್ಟರೆ ಒಂದು ಕಡೆ ನಿಲ್ಲುವವರಲ್ಲ. ಕೇಳಿ ನೋಡಿದಾಗ ಅವರು ಹಲಸಿಯ ಹಳೆಯ ಬಸದಿ ನೋಡಿಕೊಂಡು ಖಾನಾಪುರಕ್ಕೆ ಬಂದಿದ್ದಾರೆ, ಬೆಳಗಾವಿಯ ಕಡೆಗೆ ಕಾಲ್ನಡಿಗೆಯ ವಿಹಾರ ಹೊರಡುತ್ತಾರೆ ಎಂದು ತಿಳಿಯಿತು. ಗಂಡ ಹೆಂಡತಿ ಮತ್ತೆ ಖಾನಾಪುರದ ಬಸ್ಸು ಹತ್ತಿದರು.

ಮರುದಿನ ಬೆಳಿಗ್ಗೆ ಹೆದ್ದಾರಿಯ ಬದಿಯಲ್ಲಿ ಮಹಾರಾಜರು ನಡೆಯುತ್ತಿದ್ದರು. ಬರಿಮೈ, ಕೈಯಲ್ಲಿ ಪಿಂಛಿ ಮತ್ತು ಕಮಂಡಲ. ಹಿಂದೆ ನಾಲ್ಕಾರು ಶ್ರಾವಕರು, ಅವರ ಹಿಂದೆ ನಿಧಾನವಾಗಿ ಒಂದು ಜೀಪು. ಮುನಿಗಳ ನಡಿಗೆ ನೋಡಲು ಸಾವಕಾಶ, ಕೂಡಿ ನಡೆದರೆ ತಿಳಿಯುತ್ತದೆ. ಜಿನಪ್ಪ ಏದುಸಿರು ಬಿಡುತ್ತ ಪಕ್ಕಕ್ಕೆ ಬಂದು ನಮೋಸ್ತು ಅಂದ. ಸುಂದರಾಬಾಯಿ ದೂರ ಉಳಿದಳು. ಲಾರಿಗಳ ಸದ್ದಿನಲ್ಲಿ ಅವನು ಗುಳಿಗೆಯ ಕಥೆ ಹೇಳಿದ. ಮಹಾರಾಜರಿಗೆ ಅವನ ನೆನಪಿತ್ತು. ವಿನಾಯಿತಿ ಬೇಡವೆಂದು ಎದೆಯುಬ್ಬಿಸಿದವನನ್ನು ಯಾರು ಮರೆಯುತ್ತಾರೆ? ನಿದ್ದೆಗೆಟ್ಟು ಯಂತ್ರದ ಮುಂದೆ ನಿಂತರೆ ಅದೂ ಹಿಂಸೆಯೇ ಎಂದರು. ಔಷಧಕ್ಕೂ ನೀರಿಗೂ ವಿನಾಯಿತಿ ಕೊಟ್ಟೆ, ಗರ್ವಕ್ಕೆ ಪ್ರಾಯಶ್ಚಿತ್ತವೆಂದು ಮೈಗೆ ಶಕ್ತಿ ಬಂದ ಮೇಲೆ ಒಂದು ಉಪವಾಸ ಮಾಡು ಎಂದು ಮುಂದೆ ನಡೆದರು.

ಇಷ್ಟು ಸುಲಭವೇ? ಜಿನಪ್ಪ ನಿಂತುಬಿಟ್ಟ. ಆಮೇಲೆ ಓಡಿ ಮತ್ತೆ ಪಕ್ಕಕ್ಕೆ ಬಂದ. ಆಸ್ಪತ್ರೆಯಲ್ಲಿ ಮಾಡಿದ ಕರಾರು ಹೇಳಿದ, ಮೈಲಾರಲಿಂಗ ಮಗ್ಗುಲಾದದ್ದು ಹೇಳಿದ. ಹೆಂಡತಿಗೂ ಹೇಳದ್ದನ್ನು ರಸ್ತೆಯ ಮೇಲೆ ಹೇಳಿದ. ಮಹಾರಾಜರು ಮೊದಲ ಸಲ ನಿಂತರು.

"ಆಸೆ ಇಟ್ಟು ಹಿಡಿದದ್ದು ವ್ರತ ಅಲ್ಲಪ್ಪ. ಅದು ಕಾಲಾಗ ಮುರಿದ ಮುಳ್ಳು. ನಾ ವ್ರತ ಕೊಡತೀನಿ, ಜೀವದ ವ್ಯಾಪಾರ ಮಾಡೂದಿಲ್ಲ. ನಿನಗ ಬದುಕು ಯಾರೂ ಮಾರಿಲ್ಲ. ಮಾರದ ಮ್ಯಾಲ ತಿರುಗಿ ಯಾರು ಕಸಗೋತಾರ?"

ಅವರು ಹೇಳಿದ್ದು ಬಿಡುಗಡೆಯ ಮಾತು. ಜಿನಪ್ಪನಿಗೆ ಹಾಗೆ ಕೇಳಲಿಲ್ಲ. ಅವನು ಅಲ್ಲಿಯತನಕ ಒಂದು ಹಗ್ಗ ಹಿಡಿದು ಬಾವಿಯಲ್ಲಿ ತೂಗುತ್ತಿದ್ದ. ಹಗ್ಗವೇ ಇಲ್ಲ ಎಂದ ಹಾಗಾಯಿತು. ಕರಾರು ಇಲ್ಲವೆಂದರೆ ಅವನು ಬದುಕಿದ್ದು ಸುಮ್ಮನೆ. ಮೈಲಾರಲಿಂಗ ಸತ್ತದ್ದೂ ಸುಮ್ಮನೆ. ಸುಮ್ಮನೆ ಬದುಕಿದವನು ಇವತ್ತು ರಾತ್ರಿ ಸುಮ್ಮನೆ ಸಾಯಬಹುದಲ್ಲ? ಅವನು ರಸ್ತೆಯ ಬದಿಯಲ್ಲಿ ಕೂತ. ಮಹಾರಾಜರು ಸಾಗಿ ಹೋದರು, ಜೀಪೂ ಹೋಯಿತು. ಸುಂದರಾಬಾಯಿ ಬಂದು, ಏನಂದರು ಎಂದು ಕೇಳಿದಳು. ತೊಗೋ ಅಂದರು ಎಂದ. ಅವಳು ಅಲ್ಲಿಂದಲೇ ಕೈಮುಗಿದಳು.

ಆ ದಿನವೇ ಖಾಸಬಾಗಕ್ಕೆ ಮರಳಿದರು. ಪಾಡ್ಯ ಹತ್ತಿರದಲ್ಲಿತ್ತು. ಪಾರ್ಶ್ವನಿಗೆ ಸುಂದರಾಬಾಯಿ ಎಲ್ಲ ಹೇಳಿದಳು. ಅವನೂ ಖುಷಿಯಾದ, ಆದರೆ ಯಲ್ಲೇಶನಿಗೆ ಮಾತು ಕೊಟ್ಟಾಗಿದೆ ಎಂದ. ಪಾಡ್ಯದ ದಿನ ಬೆಳಿಗ್ಗೆ ಅಣ್ಣ ತಾನೇ ಗಿರಣಿಗೆ ಬಂದು, ನೆಟ್ಟಗೆ ನಿಂತು, ಒಂದು ಡಬ್ಬಿ ಬೀಸಿ ತೋರಿಸಲಿ. ಯಲ್ಲೇಶನಿಗೆ ನಾನು ಕೈಮುಗಿದು ಇಲ್ಲವೆನ್ನುತ್ತೇನೆ. ಬರದಿದ್ದರೆ ಕೀಲಿಕೈ ಯಲ್ಲೇಶನ ಕೈಗೆ ಎಂದ.

ನ್ಯಾಯದ ಮಾತೇ. ಆದರೆ ಜಿನಪ್ಪ ಗುಳಿಗೆ ನುಂಗಲಿಲ್ಲ. ಮಲಗುವ ಹೊತ್ತಿಗೆ ಸುಂದರಾಬಾಯಿ ನೀರು ತಂದಿಟ್ಟರೆ ನುಂಗಿದ ಹಾಗೆ ಮಾಡಿ ದಿಂಬಿನ ಕೆಳಗೆ ಸರಿಸಿದ. ಮೊದಲು ಹೊತ್ತು ತಪ್ಪಿಯಾದರೂ ಹೊಟ್ಟೆಗೆ ಹೋಗುತ್ತಿದ್ದದ್ದು ಈಗ ಅದೂ ಇಲ್ಲ. ಬೆವರು, ನಡುಕ, ಗೋಡೆ ಮೇಲಿನ ಕ್ಯಾಲೆಂಡರು ಉಸಿರಾಡಿದಂತೆ ಕಾಣುವುದು. ಪಾಡ್ಯದ ಹಿಂದಿನ ದಿನ ಹಾಸಿಗೆ ಝಾಡಿಸಿದಾಗ ಗುಳಿಗೆಗಳು ನೆಲದ ಮೇಲೆ ಉರುಳಿದವು. ಸುಂದರಾಬಾಯಿ ಅವನ್ನು ಆರಿಸಲಿಲ್ಲ. ಡಾಕ್ಟರಿಗೆ ಫೋನು ಮಾಡಿ, ಅವಳು ಹೇಳಿದ್ದನ್ನು ಕೇಳಿಕೊಂಡು, ಕತ್ತಲಾದ ಮೇಲೆ ಒಂದು ಗುಳಿಗೆ ಮತ್ತು ತಂಬಿಗೆ ಹಿಡಿದು ಗಂಡನ ಎದುರು ಕೂತಳು.

"ಏನ್ ಐತಿ ನಿಮ್ಮ ಹೊಟ್ಟ್ಯಾಗ? ಇವತ್ತ ಹೇಳಾಕ ಬೇಕು."

"ಮಲಕೊಂಡ್ರ ಏಳೂದಿಲ್ಲ ಅನಸ್ತೈತಿ," ಅಂದ ಜಿನಪ್ಪ. "ಮೈಲಾರಲಿಂಗ ಎದ್ದಿಲ್ಲ."

ಅವಳಿಗೆ ಮೈಲಾರಲಿಂಗ ಯಾರೆಂದೂ ಗೊತ್ತಿರಲಿಲ್ಲ. ಅವನು ಎಲ್ಲ ಹೇಳಿದ. ಅವಳು ಅವನ ಅಂಗೈಯಲ್ಲಿ ಗುಳಿಗೆ ಇಟ್ಟಳು. ನಾನು ಕೂತಿರುತ್ತೇನೆ, ಉಸಿರು ನಿಂತರೆ ಹೊಡೆದು ಎಬ್ಬಿಸುತ್ತೇನೆ ಎಂದಳು. ಹೊಡೆಯುವೆನೆಂದದ್ದೇ ಅವನಿಗೆ ಧೈರ್ಯ ಕೊಟ್ಟಿತು. ಕತ್ತಲಲ್ಲಿ ನೀರು ಕುಡಿದ. ಹಾಗೆ ಕುಡಿದು ವರ್ಷವಾಗುತ್ತ ಬಂದಿತ್ತು. ನೀರು ಗಂಟಲಿನಿಂದ ಎದೆಗೆ ಇಳಿಯುವುದನ್ನು ಬೆಂಕಿ ಇಳಿಯುವುದನ್ನು ನೋಡಿದ ಹಾಗೆ ನೋಡಿದ. ಆಮೇಲೆ ಮಲಗಿ ಗುಳಿಗೆಯ ಜೊತೆ ಗುದ್ದಾಡಿದ. ಮಂಪರು ಬಂದಾಗಲೆಲ್ಲ ಬೆಚ್ಚಿ ಎದ್ದು ಕೂತ. ಕೋಳಿ ಕೂಗುವತನಕ ಇದೇ ನಡೆಯಿತು. ಬಾಜು ಗೋಡೆಗೊರಗಿ ಹೆಂಡತಿಯೂ ಎಚ್ಚರಿದ್ದಳು.

ಕಣ್ಣು ಬಿಟ್ಟಾಗ ಮಧ್ಯಾಹ್ನ ದಾಟಿತ್ತು, ಕಿಟಕಿಯ ಬಿಸಿಲು ಎದೆಯ ಮೇಲೆ ಬಿದ್ದಿತ್ತು. ಅಡಿಗೆಮನೆಯಿಂದ ಹೋಳಿಗೆಯ ವಾಸನೆ. ಮೈ ಹಗುರಾಗಿತ್ತು. ಜಿನಪ್ಪ ಸುಮ್ಮನೆ ಬಿದ್ದುಕೊಂಡ. ಸತ್ತಿಲ್ಲ ಎಂಬುದು ಮೊದಲು ತಿಳಿಯಿತು. ಗೋಡೆಯಾಚೆ ಗಿರಣಿ ತಿರುಗುತ್ತಿದೆ ಎಂಬುದು ಆಮೇಲೆ ತಿಳಿಯಿತು.

ಎದ್ದವನು ಲುಂಗಿ ಸುತ್ತಿಕೊಂಡು ಬಾಗಿಲಿಗೆ ಓಡಿದ. ಸುಂದರಾಬಾಯಿ ಹೊಸ್ತಿಲಲ್ಲಿ ಕೂತಿದ್ದಳು, ಕಣ್ಣು ಕೆಂಡದಂತಿದ್ದವು. ಬೆಳಿಗ್ಗೆ ಪಾರ್ಶ್ವ ಬಂದಿದ್ದ, ಯಲ್ಲೇಶ ಬಂದಿದ್ದ, ಬೇವು ಬೆಲ್ಲ ಹಂಚಿ ತೆಂಗಿನಕಾಯಿ ಒಡೆದಿದ್ದರು. ಪಾರ್ಶ್ವ ಅಣ್ಣನನ್ನು ಎಬ್ಬಿಸಲು ಒಳಗೆ ಬರುತ್ತಿದ್ದ. ಅವಳು ಬಾಗಿಲಿಗೆ ಅಡ್ಡ ನಿಂತು ಬಿಡಲಿಲ್ಲ. ಎಬ್ಬಿಸದಿದ್ದರೆ ಗಿರಣಿ ಹೋಗುತ್ತದೆ ವೈನಿ ಎಂದು ಅವನು ಹೇಳಿದ. ಹೋಗಲಿ ಎಂದು ಅವಳೇ ಹೇಳಿದಳು.

ಜಿನಪ್ಪನ ಕೈ ಮೇಲೆದ್ದಿತು. ಹೊಡೆಯಲಿಲ್ಲ, ಎತ್ತಿದ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಚೌಕಟ್ಟಿಗೆ ಹಚ್ಚಿದ.

"ನನ್ನ ಗಿರಣಿ," ಅಂದ. "ನನ್ನ ಎಬ್ಬಸಬೇಕಾಗಿತ್ತಲ್ಲೇ."

"ಎಬ್ಬಸಾಕ ಬಂದಿದ್ದೆ. ಬಾಯಿ ತಗದು ಗೊರಕಿ ಹೊಡಿಯಾಕತ್ತಿದ್ರಿ. ಆ ಸಪ್ಪಳ ಕೇಳಿ ಎಷ್ಟು ದಿನಾ ಆಗಿತ್ತು. ವರ್ಷಕ್ಕ ಗಿರಣಿ ತಿರುಗಿ ಬರತೈತಿ. ಬೈಯೂದಿದ್ರ ಬೈರಿ. ನಾ ಈಗ ಮಲಗತೀನಿ."

ಅವಳು ಎದ್ದು ಹೋಗಿ, ಅವನು ಬಿಟ್ಟು ಬಂದ ಹಾಸಿಗೆಯ ಮೇಲೆಯೇ ಬಿದ್ದುಕೊಂಡಳು. ಒಂದು ಮಾತು ಬೈಯುವಷ್ಟರಲ್ಲಿ ಅವಳಿಗೆ ನಿದ್ದೆ ಹತ್ತಿತ್ತು.

ಜಿನಪ್ಪ ಹೊಸ್ತಿಲಲ್ಲಿ ಕೂತ. ಓಣಿಯ ಹೆಂಗಸರು ಹಬ್ಬದ ಸೀರೆಯಲ್ಲಿ ಡಬ್ಬಿ ಹಿಡಿದು ಸಾಲಾಗಿ ನಿಂತಿದ್ದರು. ಯಲ್ಲೇಶ ಕಲ್ಲು ಬಿಗಿ ಮಾಡಿರಲಿಲ್ಲ; ಹಿಟ್ಟು ತರಿ ತರಿಯಾಗಿ ಬೀಳುವುದು ಸದ್ದಿನಲ್ಲೇ ಗೊತ್ತಾಗುತ್ತಿತ್ತು. ಎದ್ದು ಹೋಗಿ ಅವನ ಕುತ್ತಿಗೆ ಹಿಡಿದು ಪಕ್ಕಕ್ಕೆ ಸರಿಸಬೇಕೆಂದು ಕೈ ತುರಿಸಿತು. ಒಬ್ಬರಾದರೂ ತನ್ನ ಕಡೆ ನೋಡಿ ಕರೆಯುತ್ತಾರೆಯೇ ಎಂದು ಕಾದ. ನೋಡಿದವರು ನೋಡಿ, ಮೆಲ್ಲಗೆ ಸೆರಗು ಸರಿಪಡಿಸಿಕೊಂಡರು. ಒಂದು ವರ್ಷ ಈ ಗೋಡೆಯ ಹಿಂದೆ ಕೂತು ಇದೇ ಸದ್ದು ಕೇಳಬೇಕು.

ಒಳಗೆ ಹೆಂಡತಿ ಅಲುಗಾಡದೆ ಮಲಗಿದ್ದಳು. ಅವನು ಸ್ವಲ್ಪ ಹೊತ್ತು ಕಿವಿಗೊಟ್ಟ. ಗಿರಣಿಯ ಗದ್ದಲದಲ್ಲಿ ಅವಳ ಉಸಿರು ಕೇಳಲಿಲ್ಲ. ಎದ್ದು ಹೋಗಿ ಬಗ್ಗಿ, ಮೂಗಿನ ಹತ್ತಿರ ಬೆರಳು ಹಿಡಿದು ನೋಡಿದ. ಬೆಚ್ಚಗಿತ್ತು. ಅಲ್ಲೇ ನೆಲದ ಮೇಲೆ ಕೂತ. ಕಿಟಕಿಯ ಬಿಸಿಲು ಆಗಲೇ ಗೋಡೆ ಏರತೊಡಗಿತ್ತು. ಇನ್ನು ಸ್ವಲ್ಪ ಹೊತ್ತಿಗೆ ಸಂಜೆ, ಅದರ ಹಿಂದೆ ಮತ್ತೆ ಗುಳಿಗೆ ನುಂಗಿ ಮಲಗಬೇಕಾದ ರಾತ್ರಿ.